ಬಣ್ಣ ಒಣಗುವ ತನಕ ಇಟ್ಟುಕೊಂಡ ರೈಫಲ್ಲು

ಶೆಲ್ಲಿ ಮಗಳೇ,

ಭಾನುವಾರ ನೀನು ಫೋನು ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ಮಾಂಸದಂಗಡಿಯಲ್ಲಿದ್ದೆ, ಕೈಯೆಲ್ಲ ಜಿಂಕೆಯ ಕೊಬ್ಬು. ಎದುರಿಗೆ ನಿಂತ ಗಿರಾಕಿ ಸಾಸೇಜಿಗೆ ಖಾರ ಜಾಸ್ತಿ ಹಾಕು ಎಂದು ಜೀವ ತಿನ್ನುತ್ತಿದ್ದ. ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪ ಆ ಕೇಸಿಂದ ಹೆಸರು ವಾಪಸ್ ತಗೊಂಡ್ರಂತಲ್ಲ ಮಾಮ. ಹೆದರಿಕೊಂಡ್ರಾ, ಬುದ್ಧಿ ಬಂತಾ?" ನಾನು ಎರಡೂ ಅಲ್ಲ, ಕಾಗದ ಬರೀತೀನಿ ಎಂದು ಹೇಳಿ ಫೋನು ಇಟ್ಟುಬಿಟ್ಟೆ. ಅರವತ್ತಾರು ವರ್ಷದಲ್ಲಿ ನಾನು ಬರೆದ ಕಾಗದಗಳು ಕೈಬೆರಳಿನಷ್ಟೂ ಇಲ್ಲ. ತಪ್ಪಿದ್ದರೆ ನೀನು ಟೀಚರು, ತಿದ್ದಿಕೋ.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ನಿನ್ನ ಅಪ್ಪನ ಒಪ್ಪಿಗೆ ಇದೆ. "ನೀನೇ ಬರಿ ಮಾರಾಯ. ನಾನು ಬರೆಯೋಕೆ ಕೂತ್ರೆ ಎರಡನೇ ಸಾಲಿಗೇ ಮಳೆ, ಜೋಳ ಅಂತ ಶುರುವಾಗುತ್ತೆ" ಎಂದ ಡೆಲ್ಬರ್ಟ್. ಅವನು ಗಣಿಯಲ್ಲಿ ಮೂವತ್ತು ವರ್ಷ ಕಲ್ಲಿದ್ದಲು ಅಗೆದವನು. ಒಳಗಿರುವುದನ್ನು ಹೊರಗೆ ತೆಗೆಯುವುದೇ ಅವನ ಕಸುಬಾಗಿತ್ತು. ಆದರೆ ತನ್ನ ಒಳಗಿನದೊಂದನ್ನು ಮಾತ್ರ ಅವನಿಂದ ತೆಗೆಯಲಾಗುವುದಿಲ್ಲ.

ಈಸ್ಟರ್ ಹಬ್ಬದ ದಿನ ನೀನು ಅವನಿಗೆ ಹೇಳಿದ ಮಾತು ನನಗೆ ಗೊತ್ತು. ರೈಫಲ್ ನಿಷೇಧದ ವಿರುದ್ಧ ಕೋರ್ಟಿಗೆ ಹೋದ ಒಂಬತ್ತು ಜನರ ಹೆಸರು ಪತ್ರಿಕೆಯಲ್ಲಿ ಬಂದಿತ್ತು. ನಾಲ್ಕನೆಯದು ಅವನದು, ಐದನೆಯದು ನನ್ನದು. "ನಾನಿಲ್ಲಿ ಶಿಕಾಗೋದಲ್ಲಿ ಏಳು ವರ್ಷದ ಮಕ್ಕಳಿಗೆ, ಯಾರಾದ್ರೂ ಗನ್ ಹಿಡಿದು ನುಗ್ಗಿದ್ರೆ ಡೆಸ್ಕಿನ ಕೆಳಗೆ ಉಸಿರು ಬಿಗಿಹಿಡಿದು ಕೂರೋದು ಹೇಳಿಕೊಡ್ತಿದೀನಿ. ನೀವಲ್ಲಿ ಆ ರೈಫಲ್ ಬೇಕು ಅಂತ ಕೋರ್ಟಿಗೆ ಹೋಗ್ತಿದೀರಾ?" ಎಂದೆಯಂತೆ. ಅವನು ಉತ್ತರ ಕೊಡಲಿಲ್ಲ. ಅವತ್ತಿನಿಂದ ನೀವಿಬ್ಬರೂ ಮಾತು ಬಿಟ್ಟಿರಿ. ಅವನು ಯಾಕೆ ಉತ್ತರ ಕೊಡಲಿಲ್ಲವೆಂದರೆ ಮಗಳೇ, ಆ ದಿನ ಆ ರೈಫಲ್ಲು ಅವನ ಮನೆಯಲ್ಲೇ ಇರಲಿಲ್ಲ. ನನ್ನ ಮನೆಯ ನೆಲಮಾಳಿಗೆಯಲ್ಲಿ ಬೀಗ ಹಾಕಿದ ಬೀರುವಿನಲ್ಲಿತ್ತು. ನಿನ್ನ ಅಮ್ಮನನ್ನು ಮಣ್ಣು ಮಾಡಿದ ಹತ್ತನೆಯ ದಿನದಿಂದ ಅದು ಅಲ್ಲೇ ಇತ್ತು.

ನಮ್ಮ ಕಡೆ ಒಂದು ಪದ್ಧತಿ ಇದೆ. ನೀನು ಇಲ್ಲೇ ಬೆಳೆದರೂ ನಿನಗೆ ಗೊತ್ತಿರಲಾರದು, ಗಂಡಸರು ಇದನ್ನು ಮನೆಮಂದಿಗೆ ಹೇಳುವುದಿಲ್ಲ. ಒಬ್ಬನಿಗೆ ದಿನ ಕಳೆಯುವುದೇ ಕಷ್ಟವಾದಾಗ, ತನ್ನ ಮೇಲೆ ತನಗೇ ನಂಬಿಕೆ ತಪ್ಪಿದಾಗ, ಅವನು ಮನೆಯ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗೆಳೆಯನ ಮನೆಗೆ ಬರುತ್ತಾನೆ. ನಿಜ ಹೇಳುವುದಿಲ್ಲ. ಮೊಮ್ಮಕ್ಕಳು ಬರುತ್ತಾರೆ ಎನ್ನುತ್ತಾನೆ, ಮನೆಯಲ್ಲಿ ಇಲಿ ಎನ್ನುತ್ತಾನೆ, ಗೋಡೆಗೆ ಬಣ್ಣ ಹೊಡೆಸುತ್ತಿದ್ದೇನೆ ಎನ್ನುತ್ತಾನೆ. ಇಟ್ಟುಕೊಳ್ಳುವವನು ಯಾಕೆ ಎಂದು ಕೇಳಬಾರದು. ನಮ್ಮ ಅಪ್ಪ ಚರ್ಚಿನ ಹಿರಿಯರೊಬ್ಬರ ಕೋವಿಯನ್ನು ಮೂರು ವರ್ಷ ಇಟ್ಟುಕೊಂಡಿದ್ದರು. ಪ್ರತಿ ಭಾನುವಾರ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹಾಡುತ್ತಿದ್ದರು, ಅದರ ಸುದ್ದಿ ಎತ್ತುತ್ತಿರಲಿಲ್ಲ.

ವಾಪಸ್ ಕೊಡುವುದಕ್ಕೂ ಒಂದು ಕ್ರಮ ಇದೆ. ಅಪ್ಪ ನನಗೆ ಹೇಳಿದ್ದರು. "ಕೇಳಿದ ತಕ್ಷಣ ಕೊಡಬೇಡ. ಕೂರಿಸಿ ಊಟ ಹಾಕು. ತಟ್ಟೆ ಖಾಲಿ ಮಾಡಿ, ಮೇಲಿಂದ ನಿನ್ನ ಹೆಂಡ್ತಿ ಅಡುಗೆಗೆ ಏನಾದ್ರೂ ಕೊಂಕು ತೆಗೆದ ಅಂದ್ರೆ ಕೊಟ್ಟುಬಿಡು. ಕೊಂಕು ತೆಗೆಯೋನಿಗೆ ನಾಳೆ ಊಟದ ಆಸೆ ಇರುತ್ತೆ."

ನಿನ್ನ ಅಪ್ಪ ಬಂದದ್ದು ನವೆಂಬರಿನ ಒಂದು ಮಧ್ಯಾಹ್ನ. ಅವರಪ್ಪನ ಕಾಲದ ಕೋವಿಯನ್ನು ಎಂದೋ ಸಂಬಂಧಿಕರಿಗೆ ಕೊಟ್ಟಾಗಿತ್ತು, ಮನೆಯಲ್ಲಿ ಉಳಿದಿದ್ದು ಇದೊಂದೇ. ಗಣಿಯಿಂದ ನಿವೃತ್ತನಾದಾಗ ನಿನ್ನ ಅಮ್ಮ ನಡೀನ್ ತಾನೇ ಅಂಗಡಿಗೆ ಹೋಗಿ ತಂದುಕೊಟ್ಟದ್ದು, ನಿನಗೆ ನೆನಪಿರಬಹುದು. ಟ್ರಿಗರ್ ಎಳೆದಾಗಲೆಲ್ಲ ಒಂದು ಗುಂಡು ಹೋಗಿ ಮುಂದಿನದು ತಾನಾಗೇ ಬಂದು ಕೂರುವ ಜಾತಿಯದು. ಕೋಳಿಗೂಡಿಗೆ ಬರುವ ನರಿಗಳನ್ನು ಓಡಿಸುವುದಕ್ಕೆಂದು ತಂದದ್ದು. ಅವನು ಅದರಲ್ಲಿ ನರಿಯನ್ನಂತೂ ಹೊಡೆಯಲಿಲ್ಲ, ನಮ್ಮ ಹಿತ್ತಲಿನ ಡಬ್ಬಗಳನ್ನು ಹೊಡೆದ. ಅವತ್ತು ಕಂಬಳಿಯ ಗಂಟನ್ನು ನನ್ನ ಕೈಗೆ ಕೊಟ್ಟು, "ಮಲಗೋ ಕೋಣೆಗೆ ಬಣ್ಣ ಹೊಡೀತಿದೀನಿ ಆರ್ಲೊ. ಒಣಗೋ ತನಕ ಇಟ್ಕೋ" ಎಂದ. ಅವನ ಕೈಯಲ್ಲಿ ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ. ನಾನು "ಯಾವ ಬಣ್ಣ?" ಎಂದೆ. ಅಷ್ಟು ಕೇಳಬಹುದು, ಪದ್ಧತಿಗೆ ವಿರುದ್ಧವಲ್ಲ. "ಬೆಣ್ಣೆ ಹಳದಿ. ನಡೀನ್ ತಂದಿಟ್ಟಿದ್ದು" ಎಂದು ಹೇಳಿ ಹೊರಟುಹೋದ.

ಹದಿನಾಲ್ಕು ತಿಂಗಳಾದ ಮೇಲೆ ಕಾನೂನು ಬಂತು. ಆ ಜಾತಿಯ ರೈಫಲ್ಲುಗಳನ್ನು ಮಾರುವಂತಿಲ್ಲ, ಒಬ್ಬರಿಂದ ಒಬ್ಬರಿಗೆ ಕೊಡುವಂತಿಲ್ಲ. ಮೊದಲೇ ಇದ್ದವರು ವರ್ಷ ಮುಗಿಯುವುದರೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು. ಕಾನೂನು ತಪ್ಪು ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಕೇಸಿನಲ್ಲಿ ನಾನಿನ್ನೂ ಇದ್ದೇನೆ, ನಿನ್ನಿಂದ ಮುಚ್ಚಿಟ್ಟು ಒಳ್ಳೆಯವನಾಗುವ ಆಸೆ ನನಗಿಲ್ಲ. ಎದುರು ಕೂತು ಜಗಳವಾಡೋಣ, ಅದು ಬೇರೆ ದಿನ. ನಿನ್ನ ಅಪ್ಪ ಕೇಸಿಗೆ ಸೇರಿದ್ದಕ್ಕೆ ಕಾರಣ ಸಂವಿಧಾನ ಕೊಟ್ಟ ಬಂದೂಕಿನ ಹಕ್ಕು ಅಷ್ಟೇ ಅಲ್ಲ. "ನಡೀನ್ ಕೊಟ್ಟಿದ್ದು ಕಣೋ. ಅವಳ ಉಡುಗೊರೆ ಇಟ್ಕೊಂಡ್ರೆ ನಾನು ಅಪರಾಧಿನಾ?" ಎಂದಿದ್ದ.

ನಮ್ಮ ವಕೀಲ ಕಾಪ್ಲರ್ ಒಂಬತ್ತು ಜನರಿಗೂ ಒಂದೇ ಪ್ರಮಾಣಪತ್ರ ಟೈಪು ಮಾಡಿಸಿದ, ಹೆಸರು ಮಾತ್ರ ಬೇರೆ ಬೇರೆ. ಏಳನೇ ಪ್ಯಾರಾದಲ್ಲಿ, ನನ್ನ ರೈಫಲ್ಲನ್ನು ಸ್ವರಕ್ಷಣೆಗಾಗಿ ಮಲಗುವ ಕೋಣೆಯ ಕಪಾಟಿನಲ್ಲಿ ಇಟ್ಟುಕೊಂಡಿರುತ್ತೇನೆ ಎಂದಿತ್ತು. ನನ್ನದು ನೆಲಮಾಳಿಗೆಯಲ್ಲಿರುತ್ತದೆ ಎಂದು ನಾನು ತಿದ್ದಿಸಿಕೊಂಡೆ. ನಿನ್ನ ಅಪ್ಪ ತಿದ್ದಿಸಲಿಲ್ಲ. ತಿದ್ದಿಸಬೇಕಾದರೆ ಎಲ್ಲಿದೆ ಎಂದು ಹೇಳಬೇಕು, ಎಲ್ಲಿದೆ ಎಂದು ಹೇಳಿದರೆ ಯಾಕೆ ಎಂದೂ ಹೇಳಬೇಕಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿಬಿಟ್ಟ. ಪಕ್ಕದಲ್ಲೇ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ. ಅಷ್ಟು ವರ್ಷ ಕೇಳದೇ ಇದ್ದು ಅಭ್ಯಾಸವಾದ ಬಾಯಿ, ಹೇಳಬೇಕಾದಾಗಲೂ ತೆರೆಯಲಿಲ್ಲ. ದೇವರ ಹೆಸರಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟ ಸುಳ್ಳು ಅದು, ಅದರಲ್ಲಿ ನನ್ನ ಪಾಲೂ ಇದೆ.

ಏಪ್ರಿಲ್ ಕೊನೆಯಲ್ಲಿ ಇನ್ನೊಂದು ಆಯಿತು. ಒಬ್ಬ ಜಡ್ಜು ಕಾನೂನಿಗೆ ತಡೆಯಾಜ್ಞೆ ಕೊಟ್ಟರು. ಆರು ದಿನ, ಅಷ್ಟೇ. ಆಮೇಲೆ ಮೇಲಿನ ಕೋರ್ಟು ಅದನ್ನು ನಿಲ್ಲಿಸಿತು. ಆ ಆರು ದಿನ ಬಂದೂಕಿನ ಅಂಗಡಿಗಳ ಮುಂದೆ ರಸ್ತೆಯ ತನಕ ಸಾಲು. ಕೊಡುವುದು, ತೆಗೆದುಕೊಳ್ಳುವುದು ಎಲ್ಲಕ್ಕೂ ದಾರಿ ತೆರೆದಿತ್ತು. ಮೊದಲನೇ ದಿನ ಬೆಳಿಗ್ಗೆ, ನಾನಿನ್ನೂ ಕಾಫಿ ಮುಗಿಸಿರಲಿಲ್ಲ, ನಿನ್ನ ಅಪ್ಪನ ಗಾಡಿ ಅಂಗಳಕ್ಕೆ ಬಂತು. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡಿದ್ದ.

"ಬಣ್ಣ ಒಣಗ್ತು ಆರ್ಲೊ" ಎಂದ.

ಅದು ಯಾವ ವಾರ ಎಂದು ನಿನಗೇ ಗೊತ್ತು. ನಡೀನ್ ಇದ್ದಿದ್ದರೆ ಆ ಸೋಮವಾರ ಅವರ ಮದುವೆಗೆ ನಲವತ್ತು ವರ್ಷ. ನೀನು ಇದರಲ್ಲಿ ನಿನ್ನ ತಪ್ಪು ಹುಡುಕಲು ಹೋಗಬೇಡ, ನೀನು ಹಾಗೆ ಮಾಡುವವಳು. ನಿನ್ನ ಜಗಳದಿಂದ ಅವನು ಹಾಗಾದದ್ದಲ್ಲ. ಅವನೇ ನನಗೆ ಹೇಳಿದ್ದಾನೆ, ನಾನು ಕಟ್ಟಿ ಹೇಳುತ್ತಿಲ್ಲ.

ಕೂರು ಎಂದೆ. ನಿನ್ನ ಮಾವಿಸ್ ಅತ್ತೆ ಅವನ ಮುಂದೆ ರೂಬಾರ್ಬ್ ಪೈ ಇಟ್ಟಳು, ಹಿಂದಿನ ದಿನ ಮಾಡಿದ್ದು. ಆ ಹುಳಿ ದಂಟಿನ ಪೈ ಎಂದರೆ ಅವನು ಹೇಗೆ ಪ್ರಾಣ ಬಿಡುತ್ತಿದ್ದ, ಸಕ್ಕರೆ ಸಾಲದು ಎಂದು ನನ್ನ ಹೆಂಡತಿಯ ಜೊತೆ ಹೇಗೆ ಕಾದಾಡುತ್ತಿದ್ದ ನೆನಪಿದೆಯಾ? ಅವತ್ತು ಫೋರ್ಕನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ಇಟ್ಟ, ಮತ್ತೆ ಈ ಕಡೆಗೆ ಇಟ್ಟ. ಒಂದು ತುತ್ತೂ ತಿನ್ನಲಿಲ್ಲ. "ತುಂಬಾ ಚೆನ್ನಾಗಿದೆ ಮಾವಿಸ್" ಎಂದ. ತಿನ್ನದ ಪೈಯನ್ನು ಹೊಗಳಿದ.

"ಬೀರು ಕೆಟ್ಟಿದೆ ಡೆಲ್. ನಂಬರ್ ತಿರುಗಿಸಿದ್ರೆ ತೆರೀತಾ ಇಲ್ಲ. ಬೀಗ ರಿಪೇರಿಯವನು ಮುಂದಿನ ವಾರ ಬರ್ತಾನಂತೆ" ಎಂದೆ. ಅವನು ನನ್ನ ಮುಖ ನೋಡಿದ. ಎದ್ದ. ಬಾಗಿಲಲ್ಲಿ ನಿಂತು, "ಮುಂದಿನ ವಾರ ಈ ಆರ್ಡರ್ ಇರುತ್ತೋ ಇಲ್ವೋ. ನೀನು ನನ್ನ ವಸ್ತು ಕದೀತಿದೀಯ ಆರ್ಲೊ" ಎಂದು ಹೇಳಿ ಹೋದ. ಮಾವಿಸ್ ಪೈಯ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಅತ್ತಳು. ನಾನು ನೆಲಮಾಳಿಗೆಗಿಳಿದು ಬೀರುವಿನ ಮುಂದೆ ಕೂತೆ. ಸುಮ್ಮನೆ ಕೂತೆ, ಮಧ್ಯಾಹ್ನದ ತನಕ. ಆಮೇಲೆ ವಾರವೆಲ್ಲ ಯಾವುದಾದರೂ ನೆಪ ಮಾಡಿಕೊಂಡು ದಿನಕ್ಕೆ ಮೂರು ಸಲ ಅವನ ಮನೆಯ ಮುಂದೆ ಗಾಡಿ ಓಡಿಸಿದೆ. ಅವನು ಒಂದು ದಿನ ಹುಲ್ಲು ಕತ್ತರಿಸುತ್ತಿದ್ದ, ಕೈ ಬೀಸಿದೆ. ನೋಡಿಯೂ ನೋಡದವನಂತೆ ಯಂತ್ರ ತಿರುಗಿಸಿಕೊಂಡ. ನನಗೆ ಅಷ್ಟು ಸಾಕಾಗಿತ್ತು. ಸಿಟ್ಟಿದೆ, ಮನುಷ್ಯ ಇದ್ದಾನೆ ಎಂದುಕೊಂಡೆ.

ಆರು ದಿನ ಮುಗಿಯಿತು. ಈಗ ರೈಫಲ್ಲು ನನ್ನ ಮನೆಯಲ್ಲಿ, ಹೆಸರು ಅವನದು. ಹೆಸರು ಬರೆಸಬೇಕಾದವರು ಯಾರು, ವಾಪಸ್ ಕೊಟ್ಟರೆ ಅಪರಾಧವೋ, ಇಟ್ಟುಕೊಂಡರೆ ಅಪರಾಧವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬೇಸಿಗೆಯೆಲ್ಲ ನಾನು ಒಂದೇ ವಿಷಯ ತಲೆಯಲ್ಲಿಟ್ಟುಕೊಂಡು ತಿರುಗಿದೆ. ನಾನು ನೋಡಿದ್ದು ಸರಿಯಾ? ಬರೀ ಒಂದು ಪೈ ತಿನ್ನಲಿಲ್ಲ ಅಂತ ಐವತ್ತು ವರ್ಷದ ಗೆಳೆಯನನ್ನು ಕಳೆದುಕೊಂಡೆನಾ? ಹೊಟ್ಟೆ ಸರಿಯಿಲ್ಲದೇ ಇದ್ದಿರಬಹುದಲ್ಲ? ಮಾವಿಸ್ ಕೂಡ ಒಂದು ಸಲ, "ಏನ್ರೀ, ಅವತ್ತಿನ ಪೈ ನಿಜವಾಗ್ಲೂ ಚೆನ್ನಾಗಿರಲಿಲ್ವೇನೋ" ಎಂದಳು.

ಸೆಪ್ಟೆಂಬರಿನಲ್ಲಿ ಸರ್ಕಾರದ ವಕೀಲರು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಿದರು. ಜಡ್ಜು ಇರುವುದಿಲ್ಲ, ವಕೀಲರ ಕಚೇರಿಯಲ್ಲೇ. ಕೇಸಿನಲ್ಲಿರುವವರು ಉಳಿದವರ ಹೇಳಿಕೆ ಕೇಳಬಹುದು, ಹಾಗಾಗಿ ನಿನ್ನ ಅಪ್ಪನ ಸರದಿಯಲ್ಲಿ ನಾನು ಗೋಡೆಯ ಪಕ್ಕ ಕೂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಕೇಳುತ್ತಿದ್ದವಳು ನಿನ್ನ ವಯಸ್ಸಿನ ಹೆಣ್ಣುಮಗಳು, ನಿಧಾನದ ಮಾತು.

"ಮಿಸ್ಟರ್ ಪ್ರೂಯಿಟ್, ಏಳನೇ ಪ್ಯಾರಾ ಸ್ವಲ್ಪ ಓದ್ತೀರಾ?"

ಅವನು ಓದಿದ.

"ಈಗಲೂ ರೈಫಲ್ ಅಲ್ಲೇ ಇದೆಯಾ?"

ಹೂಂ ಎಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೂಂ ಅನ್ನು ಎಂದು ನನ್ನ ಒಳಗೆ ಅರ್ಧ ಭಾಗ ಬೇಡಿಕೊಳ್ಳುತ್ತಿತ್ತು, ನಾಚಿಕೆಯಿಂದ ಹೇಳುತ್ತಿದ್ದೇನೆ. ಅವನು ಕಾಗದ ಮಡಿಸಿಟ್ಟು ಕನ್ನಡಕ ತೆಗೆದ.

"ಅಲ್ಲಿಲ್ಲ ಮೇಡಂ. ಈ ಕಾನೂನು ಬರೋಕೆ ಒಂದು ವರ್ಷ ಮುಂಚಿನಿಂದ್ಲೂ ಅಲ್ಲಿಲ್ಲ. ನಾನು ಸಹಿ ಹಾಕಿದ್ದು ಸುಳ್ಳು. ಅಗೋ, ಆ ನೀಲಿ ಅಂಗಿಯವನ ಮನೇಲಿದೆ."

ಕಾಪ್ಲರ್ ಆಕ್ಷೇಪಣೆ ಎಂದ. ನಿನ್ನ ಅಪ್ಪ ಅವನ ಕಡೆ ತಿರುಗಿ, "ನೀವು ಸ್ವಲ್ಪ ಸುಮ್ನಿರಿ" ಎಂದ.

"ಯಾಕೆ ಅವರ ಮನೇಲಿದೆ ಅಂತ ಕೇಳಬಹುದಾ?" ಎಂದಳು ಆಕೆ.

"ನನ್ನ ಹೆಂಡ್ತಿ ಹೋದ್ಮೇಲೆ ಅದೂ ನಾನೂ ಒಂದೇ ಮನೇಲಿರೋದು ಸರಿಯಲ್ಲ ಅನ್ನಿಸ್ತು."

ಟೈಪು ಮಾಡುತ್ತಿದ್ದ ಹೆಂಗಸಿನ ಬೆರಳುಗಳು ನಿಂತವು. ಸರ್ಕಾರದ ವಕೀಲೆ ಪೆನ್ನು ಕೆಳಗಿಟ್ಟಳು. "ಸ್ವಲ್ಪ ಬಿಡುವು ತಗೋತೀರಾ ಮಿಸ್ಟರ್ ಪ್ರೂಯಿಟ್?"

"ಬೇಡ ಮೇಡಂ, ಎರಡು ವರ್ಷದಿಂದ ಬಿಡುವಲ್ಲೇ ಇದೀನಿ. ಶುರು ಮಾಡಿದೀನಿ, ಮುಗಿಸಿಬಿಡ್ತೀನಿ. ಏಪ್ರಿಲಲ್ಲಿ ವಾಪಸ್ ಕೇಳೋಕೆ ಹೋಗಿದ್ದೆ. ಇವನು ಬೀಗ ಕೆಟ್ಟಿದೆ ಅಂದ. ಆ ಬೀಗ ಕೂಡಿಸಿದ್ದೇ ನಾನು, ಅದು ಈ ಜನ್ಮದಲ್ಲಿ ಕೆಡಲ್ಲ. ಸುಳ್ಳು ಅಂತ ಗೊತ್ತಿತ್ತು. ಯಾಕೆ ಹೇಳ್ತಿದಾನೆ ಅಂತಲೂ ಗೊತ್ತಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ಅವತ್ತು ಅವನು ಕೊಟ್ಟುಬಿಟ್ಟಿದ್ರೆ ಮೇಡಂ, ಇವತ್ತು ಈ ಕುರ್ಚೀಲಿ ನೀವು ಬೇರೆ ಯಾರನ್ನಾದ್ರೂ ಕೂರಿಸ್ಕೋಬೇಕಾಗ್ತಿತ್ತು."

ಶೆಲ್ಲಿ, ಆ ಮಾತು ಕೇಳಿದಾಗ ನನಗೆ ಏನಾಯಿತು ಎಂದು ಹೇಗೆ ಬರೆಯಲಿ. ಐದು ತಿಂಗಳು ಎದೆಯ ಮೇಲೆ ಕೂತಿದ್ದದ್ದು ಇಳಿಯಿತು. ತಲೆ ತಗ್ಗಿಸಿ ನನ್ನ ಬೂಟುಗಳನ್ನು ನೋಡುತ್ತ ಕೂತೆ. ದೇವರೇ, ಬೀಗ ಕೆಟ್ಟಿದೆ ಎಂದದ್ದು ನನ್ನ ಜೀವನದ ಅತ್ಯುತ್ತಮ ಸುಳ್ಳು ಎಂದುಕೊಂಡೆ. ಸರ್ಕಾರದ ವಕೀಲೆ ಇನ್ನೇನೂ ಪ್ರಶ್ನೆ ಇಲ್ಲ ಎಂದಳು. ಹೊರಡುವಾಗ ಅವನ ಕೈ ಕುಲುಕಿ, ತನ್ನ ತಂದೆಯೂ ಒಬ್ಬರೇ ಇರುತ್ತಾರೆ ಎಂದು ಹೇಳಿದಳು. ಎದುರು ಪಾರ್ಟಿಯವಳು ಅವಳು. ನಿನ್ನ ಪಾರ್ಟಿಯವಳು.

ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ನಿಂತೆವು. "ಹಸಿವಾಗ್ತಿದೆ ಕಣೋ" ಎಂದ. ಚೌಕದ ಹೋಟೆಲಿಗೆ ಹೋದೆವು. ಹುರಿದ ಮೀನು ಎರಡು ಸಲ ಹಾಕಿಸಿಕೊಂಡ, ನನ್ನ ತಟ್ಟೆಯ ಆಲೂಗಡ್ಡೆಯನ್ನೂ ಎಳೆದುಕೊಂಡ. ಪೈ ತಿಂದ. ತಿಂದು, ಫೋರ್ಕು ಇಟ್ಟು, "ಥೂ, ಇದು ಪೈಯಾ? ಕೆಳಗಡೆ ರಟ್ಟು ಇಟ್ಟಿದಾರೆ. ಮಾವಿಸ್ ಮಾಡೋದ್ರ ಹತ್ತಿರಕ್ಕೂ ಬರಲ್ಲ. ಅವಳ ಕೈಗೆ ಸಕ್ಕರೆ ಬರಲ್ಲ, ಅದು ಬೇರೆ" ಎಂದ. ನನಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಕಣ್ಣೀರೂ ಬಂತು. ನಮ್ಮಪ್ಪನ ಲೆಕ್ಕದ ಪ್ರಕಾರ ಆ ಕ್ಷಣಕ್ಕೆ ನಾನು ರೈಫಲ್ಲು ವಾಪಸ್ ಕೊಡಬೇಕು. "ಈಗ ಕೊಡೋ ಹಾಗಾಯ್ತು ಡೆಲ್. ಈಗ ಕಾನೂನು ಬಿಡ್ತಿಲ್ಲ" ಎಂದೆ. ಮೇಜು ಬಡಿದು ನಕ್ಕ. "ನಾನು ಹೇಳ್ಲಿಲ್ವಾ, ದರಿದ್ರ ಕಾನೂನು ಅಂತ!" ಎಂದ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಆಮೇಲೆ ಅವನೇ ತೀರ್ಮಾನ ಮಾಡಿದ. ಸುಳ್ಳು ಪ್ರಮಾಣಪತ್ರ ಹಿಂದಕ್ಕೆ ಪಡೆದ, ಕೇಸಿನಿಂದ ಹೆಸರು ತೆಗೆಸಿದ. ಪುಣ್ಯಕ್ಕೆ ಆ ವಕೀಲೆ ಅದನ್ನು ಬೆಳೆಸಲಿಲ್ಲ. ರೈಫಲ್ಲನ್ನು ಲೈಸೆನ್ಸಿನ ಅಂಗಡಿಯ ಮೂಲಕ ನದಿಯಾಚೆಯ ಕೆಂಟಕಿ ರಾಜ್ಯಕ್ಕೆ, ನಿನ್ನ ಸೋದರಮಾವ ವೆಂಡೆಲ್‌ಗೆ ಕಳಿಸಿದೆವು, ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ನಡೀನಳ ಉಡುಗೊರೆ ನಡೀನಳ ತಮ್ಮನ ಮನೆಯಲ್ಲಿರಲಿ ಎಂದ. ಅಂಗಡಿಯಲ್ಲಿ ಕಾಗದಕ್ಕೆ ಸಹಿ ಹಾಕುವಾಗ ಏಳು ಸಲ ಓದಿದ. "ಸರ್ಕಾರ ಕಿತ್ಕೊಳ್ಳಲಿಲ್ಲ, ನಾನೇ ಕೊಟ್ಟೆ. ಶೆಲ್ಲಿಗೆ ಬರೆಯುವಾಗ ಇದನ್ನ ಸರಿಯಾಗಿ ಬರಿ" ಎಂದು ನನಗೆ ಹೇಳಿದ. ಬರೆದಿದ್ದೇನೆ. ಹೆದರಿದ್ದಲ್ಲ, ಬುದ್ಧಿ ಬಂದದ್ದೂ ಅಲ್ಲ, ಅವನ ಬುದ್ಧಿ ಮೊದಲಿನಷ್ಟೇ ಇದೆ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಕಾನೂನಿನ ವಿಷಯದಲ್ಲಿ ನೀವಿಬ್ಬರೂ ಸಾಯುವ ತನಕ ಕಚ್ಚಾಡಬಹುದು.

ನಿನ್ನೆ ಬೆಳಿಗ್ಗೆ ಅವನು ಫೋನು ಮಾಡಿ, "ಬಂದು ಏಣಿ ಹಿಡ್ಕೋ" ಎಂದ. ಹೋಗಿ ನೋಡುತ್ತೇನೆ, ಮಲಗುವ ಕೋಣೆಯ ಮಂಚವನ್ನು ನಡುವಿಗೆ ಎಳೆದು ಹಳೆಯ ಬಟ್ಟೆ ಹೊದಿಸಿದ್ದಾನೆ. ನಡೀನ್ ತಂದಿಟ್ಟಿದ್ದ ಬಣ್ಣದ ಡಬ್ಬ ತೆರೆದಿತ್ತು. ಮೇಲೆ ಕೆನೆ ಕಟ್ಟಿತ್ತು, ತೆಗೆದು ಕಲಕಿದರೆ ಕೆಳಗೆಲ್ಲ ಚೆನ್ನಾಗಿತ್ತು. ಸಾಯಂಕಾಲದೊಳಗೆ ನಾಲ್ಕು ಗೋಡೆಯೂ ಮುಗಿಸಿದೆವು. ಅವನ ಹುಬ್ಬಿಗೆಲ್ಲ ಹಳದಿ. ಕಿಟಕಿಯ ಹತ್ತಿರ ಒಂದು ಕಡೆ ಪಟ್ಟೆ ಪಟ್ಟೆಯಾಗಿ ಬಂದಿದೆ, ಅದು ನಾನು ಹೊಡೆದದ್ದು, ಆದರೂ ನೀನು ಬಂದು ಕೇಳಿದರೆ ನಿನ್ನ ಅಪ್ಪನ ಮೇಲೆ ಹಾಕುತ್ತೇನೆ. ಕೆಲಸ ಮುಗಿಸಿ ಇಬ್ಬರೂ ನೆಲದ ಮೇಲೆ ಕೂತಾಗ ಅವನು ಡಬ್ಬದ ಮುಚ್ಚಳ ಒತ್ತುತ್ತ, "ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವಳು ಬರ್ತಾಳಾ ಅಂತ ಕೇಳು. ನೀನೇ ಕೇಳ್ದ ಹಾಗೆ ಕೇಳು" ಎಂದ.

ನಾನೇ ಕೇಳಿದ ಹಾಗೆ ಕೇಳುತ್ತಿದ್ದೇನೆ. ಬರುತ್ತೀಯಾ? ಮಾವಿಸ್ ಮೂರು ಪೈ ಮಾಡುತ್ತಾಳೆ. ನೀನು ತಟ್ಟೆ ಖಾಲಿ ಮಾಡಬೇಕು, ಕೊಂಕೂ ತೆಗೆಯಬೇಕು, ನಾನು ನಿನ್ನನ್ನೂ ನೋಡುತ್ತಿರುತ್ತೇನೆ.

ಇವತ್ತು ಅಂಗಡಿಗೆ ಹೋಗುವ ಮೊದಲು ಅವನ ಮನೆಗೆ ಹೋಗಿ ಗೋಡೆಗೆ ಬೆರಳಿಟ್ಟು ನೋಡಿ ಬಂದೆ. ಬಣ್ಣ ಒಣಗಿದೆ, ಮಗಳೇ.

ನಿನ್ನ ತರಗತಿಯ ಮಕ್ಕಳೆಲ್ಲ ದಿನಾ ಸಂಜೆ ನಗುತ್ತ ಮನೆ ಸೇರಲಿ, ನೀನೂ ಸೇರು,

ನಿನ್ನ ಆರ್ಲೊ ಮಾಮ